ಬಿಲದಿಂದ ಹೊರಬಾರದ ಟರಾಂಟುಲಾ ಮರಿ: ತೊಂದರೆ ಎಲ್ಲಿದೆ ಎಂದು ಹುಡುಕುವುದು ಹೇಗೆ

ಮಗಳ ಹುಟ್ಟುಹಬ್ಬಕ್ಕೆ ತಂದ ಟರಾಂಟುಲಾ, ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡದ ಮರಿ, ಹುರಿಗಡಲೆಯಷ್ಟಿತ್ತು, ಹಾಗಾಗಿ ಪುಟಾಣಿ ಎಂದೇ ಹೆಸರಾಯಿತು. ಟೆಕ್ಸಸ್‌ನ ನಮ್ಮ ಮನೆಗೆ ಬಂದ ಮೂರನೆಯ ದಿನ ಅದು ಮಣ್ಣಿಗಿಳಿದು ಬಿಲದ ಬಾಯಿಗೆ ಒಳಗಿನಿಂದ ಮಣ್ಣು ಮೆತ್ತಿಕೊಂಡಿತು. ಅಲ್ಲಿಂದ ಐವತ್ತಮೂರು ದಿನ ನಾವು ಸಾಕಿದ್ದು ಒಂದು ಡಬ್ಬಿ ಮಣ್ಣನ್ನು. ಅದಕ್ಕೂ ಹಿಂದೆ ಸಾಕಿದ್ದ ಮರಿಯೊಂದು ಬಿಲದಲ್ಲೇ ಸತ್ತಿತ್ತು, ಅದೂ ನನ್ನ ತಪ್ಪಿನಿಂದ. ಹೀಗಾಗಿ ಈ ಸಲ ಮಗಳಿಗಿಂತ ಹೆಚ್ಚು ಚಡಪಡಿಸಿದವನು ನಾನು. ಊರಿನಿಂದ ಬಂದಿದ್ದ ಅಮ್ಮ ಮಾತ್ರ, "ಗೂಡಿಗೆ ಹೋದದ್ದನ್ನ ಯಾಕೆ ಕರೀತೀರಿ? ಹಸಿವಾದ್ರೆ ತಾನೇ ಬರ್ತದೆ" ಎಂದು ಚಹಾ ಕುಡಿಯುತ್ತ ಕೂತಿದ್ದರು.

ಪುಟಾಣಿ ‘ಕರ್ಲಿ ಹೇರ್’ ಜಾತಿಯದು. ಹೊಂಡುರಾಸ್, ನಿಕರಾಗುವಾ, ಕೋಸ್ಟರಿಕಾ ಕಡೆಯ ಗುಂಗುರು ಕೂದಲಿನ ಜೇಡ. ಶಾಸ್ತ್ರೀಯ ಹೆಸರು ಟ್ಲಿಲ್ಟೊಕಾಟ್ಲ್ ಆಲ್ಬೊಪೈಲೋಸಸ್. 2020ರವರೆಗೆ ಬ್ರಾಕಿಪೆಲ್ಮಾ ಕುಲದಲ್ಲಿತ್ತು, ಹಳೆಯ ಪುಸ್ತಕಗಳಲ್ಲಿ ಆ ಹೆಸರೇ ಸಿಗುತ್ತದೆ. ಮೆಕ್ಸಿಕೋದ ರೆಡ್ ನೀ, ಚಿಲಿಯ ರೋಸ್ ಹೇರ್ ಮುಂತಾದ ನೆಲದ ಜೇಡಗಳಿಗೂ ಇಲ್ಲಿ ಬರೆದದ್ದು ಬಹುಮಟ್ಟಿಗೆ ಹೊಂದುತ್ತದೆ. ಮರದ ಮೇಲೆ ಬಾಳುವ ಜಾತಿಗಳ ಲೆಕ್ಕ ಬೇರೆ, ಅವನ್ನು ಇಲ್ಲಿ ಮುಟ್ಟುವುದಿಲ್ಲ. ಮರಿ ಎಂದರೆ ಕಾಲು ಚಾಚಿದಾಗಲೂ 3–4 ಸೆಂ.ಮೀ. ಮೀರದ್ದು, ಸಾಕುವವರು ಇದನ್ನು ಸ್ಲಿಂಗ್ ಅನ್ನುತ್ತಾರೆ.

ಯಾವ ಲಕ್ಷಣ ಕಂಡರೂ ಮೊದಲು ಡಬ್ಬಿ ನೋಡಿ, ಆಮೇಲೆ ಮಣ್ಣು ನೋಡಿ, ಜೇಡವನ್ನು ಕೊನೆಗೆ ನೋಡಿ. ಚಮಚ ಹಿಡಿದು ಅಗೆಯುವುದು ಪಟ್ಟಿಯ ತೀರಾ ಕೆಳಗೆ ಇರಲಿ. ಎಲ್ಲರೂ ಮೊದಲು ಮಾಡಲು ಹೋಗುವುದು ಅದನ್ನೇ.

ಬಿಲದ ಬಾಯಿ ಮುಚ್ಚಿದೆ, ವಾರಗಟ್ಟಲೆ ಮುಖ ತೋರಿಸಿಲ್ಲ

ಇದೊಂದೇ ಲಕ್ಷಣವಾಗಿದ್ದರೆ ರೋಗವಲ್ಲ. ಕಾಡಿನಲ್ಲಿ ಇಷ್ಟು ಚಿಕ್ಕ ಜೇಡವನ್ನು ಇರುವೆ, ಹಲ್ಲಿ, ಹಕ್ಕಿ ಎಲ್ಲವೂ ತಿನ್ನುತ್ತವೆ. ಹೊರಗೆ ಸುತ್ತಾಡಿದ ಮರಿ ಬದುಕುವುದಿಲ್ಲ. ದೊಡ್ಡದಾದ ಮೇಲೆ ದಿನವಿಡೀ ಬಯಲಲ್ಲಿ ಕೂರುವ ಕರ್ಲಿ ಹೇರ್ ಕೂಡ ಮರಿಯಾಗಿದ್ದಾಗ ಹೆಗ್ಗಣದ ಹಾಗೆ ಕೊರೆಯುತ್ತದೆ. ಬಾಯಿ ಮುಚ್ಚಿಕೊಳ್ಳಲು ಸಾಮಾನ್ಯ ಕಾರಣ ಮೂರು: ಪೊರೆ ಬಿಡುವ ಕಾಲ ಹತ್ತಿರವಾಗಿರುವುದು, ಹೊಟ್ಟೆ ತುಂಬಿರುವುದು, ಹೊಸ ಜಾಗದ ಅಂಜಿಕೆ. ಹಾವಿನಂತೆ ಜೇಡವೂ ಹಳೆಯ ಚರ್ಮ ಕಳಚಿಯೇ ಬೆಳೆಯಬೇಕು, ಕಳಚುವಾಗ ಅದರಷ್ಟು ನಿಸ್ಸಹಾಯಕ ಪ್ರಾಣಿ ಇನ್ನೊಂದಿಲ್ಲ. ಅದಕ್ಕೇ ಬಾಗಿಲು ಹಾಕಿಕೊಳ್ಳುತ್ತದೆ. ಮರಿಗಳಲ್ಲಿ ಇದು ಕೆಲವು ವಾರ ನಡೆಯುತ್ತದೆ, ನಿಧಾನವಾಗಿ ಬೆಳೆಯುವ ಜಾತಿಗಳಲ್ಲಿ ತಿಂಗಳುಗಳೇ ಆಗಬಹುದು.

ಒಳಗಿರುವುದು ಬದುಕಿದೆಯೋ ಇಲ್ಲವೋ ತಿಳಿಯಲು ಖರ್ಚಿಲ್ಲದ ದಾರಿಗಳಿವೆ. ಮರಿ ಸಾಮಾನ್ಯವಾಗಿ ಡಬ್ಬಿಯ ಗೋಡೆಗೆ ತಾಗಿಸಿಯೇ ಬಿಲ ತೋಡುತ್ತದೆ. ಡಬ್ಬಿ ಪಾರದರ್ಶಕವಾಗಿದ್ದರೆ ಹೊರಗಿನಿಂದ ಕಪ್ಪು ಕಾಗದದ ಒಂದು ಕೊಳವೆ ಮಾಡಿ ತೊಡಿಸಿ. ಕತ್ತಲು ಎಂದುಕೊಂಡು ಜೇಡ ಗೋಡೆಯ ಬದಿಗೆ ಬಂದು ಕೂರುತ್ತದೆ. ವಾರಕ್ಕೊಮ್ಮೆ ರಾತ್ರಿ ಕಾಗದ ಮೇಲೆತ್ತಿ, ಟಾರ್ಚಿಗೆ ಕೆಂಪು ಸೆಲೋಫೇನ್ ಸುತ್ತಿ ಇಣುಕಿದರೆ ಒಂದು ಕಾಲಾದರೂ ಕಾಣುತ್ತದೆ. ನಮಗೆ ನಲವತ್ತನೆಯ ದಿನ ಕಂಡಿದ್ದು ಮಸುಕು ಕಂದು ಬಣ್ಣದ ಎರಡು ಮೊಣಕಾಲು ಮಾತ್ರ. ಮಗಳಿಗೆ ಅಷ್ಟೇ ಸಾಕಾಯಿತು, ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಳು.

ಗೋಡೆಯ ಬದಿಯಲ್ಲಿ ಏನೂ ಕಾಣದಿದ್ದರೆ ಕುರುಹು ಹುಡುಕಿ. ಕುಡಿಯುವ ನೀರಿಗೆಂದು ಇಟ್ಟ ಬಾಟಲಿ ಮುಚ್ಚಳದೊಳಗೆ ಹೊಸ ಮಣ್ಣುಂಡೆ ಬಿದ್ದಿದೆಯೇ? ನಿನ್ನೆ ಇಲ್ಲದ ಎಳೆನೂಲು ಮಣ್ಣಿನ ಮೇಲೆ ಹೊಳೆಯುತ್ತಿದೆಯೇ? ಗೋಡೆಯ ಮೇಲೆ ಸುಣ್ಣದ ಚುಕ್ಕೆಯಂಥ ಹಿಕ್ಕೆ ಇದೆಯೇ? ಯಾವುದಾದರೂ ಒಂದಿದ್ದರೆ ಸಾಕು, ಡಬ್ಬಿಯ ಮುಚ್ಚಳ ಹಾಕಿ ಎದ್ದು ಹೋಗಿ. ಮೇಲ್ಮಣ್ಣನ್ನು ಮಟ್ಟಸ ಮಾಡಿ ಎರಡು-ಮೂರು ಸಾಸಿವೆ ಕಾಳು ಸಾಲಾಗಿ ಇಟ್ಟು ಫೋಟೋ ತೆಗೆದಿಟ್ಟುಕೊಂಡರೆ ಹೋಲಿಸಿ ನೋಡಲು ಇನ್ನೂ ಸಲೀಸು. ಕಾಳು ಒದ್ದೆಯಾಗಿ ಮೊಳೆತರೆ ಮಾತ್ರ ತೆಗೆದುಬಿಡಿ. ನಮ್ಮ ಡಬ್ಬಿಯಲ್ಲಿ ಒಮ್ಮೆ ಸಾಸಿವೆ ಪೈರೇ ಎದ್ದಿತ್ತು.

ಬಾಯಿಗೆ ಮೆತ್ತಿದ ಮಣ್ಣನ್ನು ಕಡ್ಡಿಯಿಂದ ಬಿಡಿಸಿ ‘ಗಾಳಿ ಆಡಲಿ’ ಎನ್ನುವವರಿದ್ದಾರೆ. ಬೇಡ. ಉಸಿರಿಗೆ ಬೇಕಾದಷ್ಟು ಗಾಳಿ ಸಡಿಲ ಮಣ್ಣಿನೊಳಗೆ ಹಾಯುತ್ತದೆ. ನೀವು ಬಾಗಿಲು ತೆಗೆದಷ್ಟೂ ಅದು ಮತ್ತೆ ಮತ್ತೆ ಮುಚ್ಚಲು ಶಕ್ತಿ ಕಳೆಯುತ್ತದೆ.

ಹಾಕಿದ ಊಟ ಹಾಗೆಯೇ ಬಿದ್ದಿದೆ

ಮೊದಲು ಕೊನೆಯ ಸಲ ನೋಡಿದಾಗ ಹೊಟ್ಟೆ ಎಷ್ಟಿತ್ತು ನೆನಪಿಸಿಕೊಳ್ಳಿ. ಜೇಡದ ದೇಹ ಎರಡು ಭಾಗ: ಕಾಲುಗಳು ಹೊರಡುವ ಗಟ್ಟಿ ಚಿಪ್ಪು, ಅದರ ಹಿಂದೆ ಮೆತ್ತಗಿನ ಹೊಟ್ಟೆ. ಹೊಟ್ಟೆ ಚಿಪ್ಪಿನಷ್ಟೇ ಅಥವಾ ಅದರ ಒಂದೂವರೆಯಷ್ಟಿದ್ದರೆ ಸರಿಯಾಗಿದೆ. ಅದಕ್ಕೂ ಮೀರಿ ದ್ರಾಕ್ಷಿಯಂತೆ ಬಿಗಿದು ಹೊಳೆಯುತ್ತಿದ್ದರೆ, ಹೊಟ್ಟೆಯ ಹಿಂಬದಿಯ ಬೋಳು ಕಲೆ ಕಪ್ಪಾಗಿದ್ದರೆ ಪೊರೆ ಬಿಡಲು ಸಿದ್ಧವಾಗಿದೆ ಎಂದರ್ಥ. ಕಪ್ಪಾಗಿ ಕಾಣುವುದು ಒಳಗೆ ಬೆಳೆದ ಹೊಸ ಕೂದಲು. ಊಟ ನಿಲ್ಲಿಸಿ, ನೀರು ಮಾತ್ರ ಇಡಿ.

ಹೊಟ್ಟೆ ಅಷ್ಟೇನೂ ತುಂಬಿರದೆ ಊಟ ಬಿಟ್ಟಿದ್ದರೆ, ಊಟ ದೊಡ್ಡದಾಯಿತೋ ನೋಡಿ. ಜೀವಂತ ಹುಳ ಮರಿಯ ಹೊಟ್ಟೆಗಿಂತ ಉದ್ದವಿರಬಾರದು. ಅಷ್ಟು ಸಣ್ಣ ಕ್ರಿಕೆಟ್ ಹುಳ (ಮಿಡತೆಯ ಹಾಗೆ ಜಿಗಿಯುವ ಕೀಟ) ಸಿಗದಿದ್ದರೆ ಕೊಂದ ಹುಳದ ಒಂದು ತೊಡೆ, ಅಥವಾ ಮೀಲ್‌ವರ್ಮ್ ಎಂಬ ದುಂಬಿಮರಿಯ ಒಂದು ತುಂಡನ್ನು ಬಿಲದ ಬಾಯಿಯ ಪಕ್ಕ ಇಡಿ. ಮರಿಗಳು ಸತ್ತದ್ದನ್ನೂ ತಿನ್ನುತ್ತವೆ, ರಾತ್ರಿ ಬಂದು ಎಳೆದುಕೊಂಡು ಹೋಗುತ್ತವೆ. ವಾರಕ್ಕೆ ಒಂದೆರಡು ಸಲ ಸಾಕು. ಮಾರನೆಯ ದಿನಕ್ಕೂ ಉಳಿದದ್ದನ್ನು ಚಿಮಟದಿಂದ ತೆಗೆಯಲೇಬೇಕು. ಸತ್ತದ್ದು ಕೊಳೆಯುತ್ತದೆ, ಜೀವಂತ ಕ್ರಿಕೆಟ್ ಇನ್ನೂ ಅಪಾಯ, ಪೊರೆ ಬಿಡುತ್ತ ಮಲಗಿದ ಜೇಡವನ್ನೇ ಅದು ಕಚ್ಚಿ ತಿನ್ನುತ್ತದೆ. ಬಾಯಿ ಮುಚ್ಚಿದ ಬಿಲಕ್ಕೆ ಹುಳ ತುರುಕುವುದಂತೂ ಖಂಡಿತ ಬೇಡ.

ಕೋಣೆ ತಣ್ಣಗಿದ್ದರೂ ಹಸಿವು ಕುಗ್ಗುತ್ತದೆ. ನಮಗೆ ಹಿತವಾಗುವ 21ರಿಂದ 27 ಡಿಗ್ರಿ ಸೆಲ್ಸಿಯಸ್ ಅದಕ್ಕೂ ಹಿತ. ಸ್ವಲ್ಪ ತಂಪಾದರೆ ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೇ.

ಹೊಟ್ಟೆ ಬತ್ತಿ ಸುಕ್ಕಾಗಿದೆ, ಕಾಲುಗಳು ಒಳಕ್ಕೆ ಮಡಚುತ್ತಿವೆ

ಇದು ಕಾಯುವ ಲಕ್ಷಣವಲ್ಲ. ಇಲ್ಲಿ ದಿನವಲ್ಲ, ಗಂಟೆಗಳ ಲೆಕ್ಕ.

ಜೇಡಕ್ಕೆ ಕಾಲು ಮಡಚಲು ಸ್ನಾಯು ಇದೆ, ಆದರೆ ಮುಖ್ಯ ಎರಡು ಕೀಲುಗಳನ್ನು ಚಾಚಲು ಸ್ನಾಯು ಇಲ್ಲ. ಜೆಸಿಬಿ ತೋಳಿಗೆ ಎಣ್ಣೆ ಒತ್ತಿದ ಹಾಗೆ, ದೇಹದ ದ್ರವವನ್ನು ಕಾಲಿಗೆ ತಳ್ಳಿ ಚಾಚುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಒತ್ತಡ ಸಾಲದೆ ಎಂಟೂ ಕಾಲು ಮುಷ್ಟಿ ಬಿಗಿದಂತೆ ಹೊಟ್ಟೆಯಡಿಗೆ ಸೇರುತ್ತವೆ. ಸತ್ತ ಜೇಡ ಮುದುಡಿರುವುದೂ ಇದೇ ಕಾರಣಕ್ಕೆ. ಮರಿಗಳಿಗೆ ದೊಡ್ಡ ಜೇಡದ ಹಾಗೆ ಮೈಮೇಲೆ ಗಟ್ಟಿ ಮೇಣದ ಪದರ ಬೆಳೆದಿರುವುದಿಲ್ಲ. ದೊಡ್ಡದು ಒಣಮಣ್ಣಿನಲ್ಲಿ ತಿಂಗಳು ಕಳೆದೀತು, ಮರಿ ಕೆಲವೇ ದಿನದಲ್ಲಿ ಬತ್ತಿಹೋಗುತ್ತದೆ.

ನನ್ನ ತಪ್ಪು ಇಲ್ಲೇ ಆದದ್ದು. ಮೊದಲ ಮರಿಗೆ ದಿನಾ ಬೆಳಿಗ್ಗೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸುತ್ತಿದ್ದೆ. ಮೇಲ್ಮಣ್ಣು ಹಸಿ ಕಾಫಿಪುಡಿಯಂತೆ ಕಪ್ಪಗಿರುತ್ತಿತ್ತು, ನೋಡಿ ಸಮಾಧಾನಪಡುತ್ತಿದ್ದೆ. ಚಳಿಗಾಲ, ಹೀಟರ್ ಹಗಲೂ ರಾತ್ರಿ ಓಡುತ್ತಿತ್ತು. ಮರಿ ಸತ್ತ ಮೇಲೆ ಡಬ್ಬಿ ಬಗ್ಗಿಸಿದರೆ ಎರಡು ಬೆರಳು ಕೆಳಗಿನ ಮಣ್ಣು ನಸ್ಯದಂತೆ ಹಾರಿತು. ಜೇಡ ಇದ್ದದ್ದು ಅಲ್ಲಿ. ಚಿಮುಕಿಸಿದ ನೀರು ಒಮ್ಮೆಯೂ ಅಲ್ಲಿಗೆ ಇಳಿದಿರಲಿಲ್ಲ.

ಆದ್ದರಿಂದ ಮೊದಲ ಪರೀಕ್ಷೆ ಮಣ್ಣಿನದು. ಬಿಲದಿಂದ ದೂರದ ಮೂಲೆಯಲ್ಲಿ ಒಂದು ಅಗರಬತ್ತಿ ಕಡ್ಡಿಯನ್ನು ತಳದವರೆಗೆ ಇಳಿಸಿ, ಒಂದು ನಿಮಿಷ ಬಿಟ್ಟು ತೆಗೆಯಿರಿ. ಇಡ್ಲಿ ಬೆಂದಿದೆಯೇ ನೋಡುವ ಹಾಗೆ. ಮಸಾಲೆ ಇಲ್ಲದ ಬರಿಯ ಬಿದಿರು ತುದಿಯನ್ನೇ ಇಳಿಸಬೇಕು. ಕೆಳತುದಿಗೆ ತೇವದ ಮಣ್ಣು ಅಂಟಿದ್ದರೆ ಸರಿ, ಕಡ್ಡಿ ಒಣಗಿ ಬಂದರೆ ನೀರು ಬೇಕು. ಸೂಜಿ ತೆಗೆದ ಸಿರಿಂಜ್‌ನಿಂದ ಡಬ್ಬಿಯ ಗೋಡೆಗುಂಟ, ಬಿಲಕ್ಕೆ ಎದುರಿನ ಬದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡಿ. ನೀರು ಗೋಡೆ ಹಿಡಿದು ತಳಕ್ಕೆ ಇಳಿಯಬೇಕು. ತಳ ತೇವ, ಮೇಲ್ಭಾಗ ಅರೆಒಣಗು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು.

ಎರಡನೆಯದು ನೀರಿನ ಮುಚ್ಚಳ. ಸೋಡಾ ಬಾಟಲಿಯ ಮುಚ್ಚಳ ಸಾಕು. ಅದರಲ್ಲಿ ಹತ್ತಿ, ಸ್ಪಂಜು ಇಡಬೇಡಿ, ಕೊಳೆ ಹಿಡಿಯುತ್ತದೆ. ಮರಿ ಮುಳುಗೀತೆಂಬ ಭಯ ಬೇಡ, ಮುಚ್ಚಳದ ನೀರಿನಲ್ಲಿ ಅದು ತೇಲುತ್ತದೆ.

ಮೂರನೆಯದು ಶಾಖ. ಡಬ್ಬಿಯ ಕೆಳಗೆ ಹೀಟ್ ಮ್ಯಾಟ್ (ಬಿಸಿಮಾಡುವ ವಿದ್ಯುತ್ ಹಾಸು) ಇದ್ದರೆ ಈಗಲೇ ತೆಗೆಯಿರಿ. ಬಿಸಿಯಾದರೆ ಜೇಡ ತಂಪು ಹುಡುಕಿ ಕೆಳಗೆ ಕೊರೆಯುತ್ತದೆ. ಕಾಡಿನಲ್ಲಿ ಕೆಳಗೆ ತಂಪೇ ಇರುತ್ತದೆ. ನಿಮ್ಮ ಡಬ್ಬಿಯಲ್ಲಿ ಕೆಳಗಿರುವುದು ಒಲೆ.

ಜೇಡ ಹೊರಗೇ ಮುದುಡಿ ಬಿದ್ದಿದ್ದರೆ ಮೃದು ಕುಂಚದಿಂದ ಚಮಚಕ್ಕೆ ಸರಿಸಿ, ಬಾಯಿ ಇರುವ ಮುಂಭಾಗ ಮಾತ್ರ ನೀರಿಗೆ ತಾಗುವಂತೆ ಮುಚ್ಚಳದ ಅಂಚಿಗೆ ಒರಗಿಸಿ. ಅದು ಉಸಿರಾಡುವುದು ಹೊಟ್ಟೆಯ ಅಡಿಯಲ್ಲಿರುವ ನಾಲ್ಕು ಬಿಳಿ ಕಿಟಕಿಗಳಿಂದ, ಆದ್ದರಿಂದ ಮುಖ ನೀರಿಗಿಟ್ಟರೆ ಉಸಿರು ಕಟ್ಟುವುದಿಲ್ಲ. ಹೊಟ್ಟೆ ಮಾತ್ರ ಮುಳುಗಬಾರದು. ಕೆಲವು ಗಂಟೆಗಳಲ್ಲಿ ಕಾಲು ಬಿಚ್ಚಿಕೊಂಡರೆ ಉಳಿಯಿತು. ಒದ್ದೆ ಟಿಶ್ಯೂ ತುಂಬಿ ಮುಚ್ಚಿದ ಡಬ್ಬಿಯಲ್ಲಿಡುವ ‘ಐಸಿಯು’ ಪದ್ಧತಿ ಹಳೆಯ ಸಾಕಣೆದಾರರಲ್ಲಿ ಇನ್ನೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಬಾಯಾರಿದವನನ್ನು ಹಬೆಮನೆಯಲ್ಲಿ ಕೂರಿಸಿದ ಹಾಗೆ, ಕುಡಿಯಲು ನೀರೇ ಸಿಗುವುದಿಲ್ಲ.

ಅಂಗಾತ ಬಿದ್ದಿದೆ, ಅಲುಗಾಡುತ್ತಿಲ್ಲ

ಮುಟ್ಟಬೇಡಿ. ಉಸಿರು ಕೂಡ ಬಿಡಬೇಡಿ ಎನ್ನುವಷ್ಟು ದೂರ ನಿಲ್ಲಿ.

ಸಾಯುವ ಜೇಡ ಬಹುಪಾಲು ಕಾಲು ಕೆಳಗೆ ಮಾಡಿಯೇ ಮುದುಡುತ್ತದೆ. ಬೆನ್ನು ಕೆಳಗೆ ಮಾಡಿ, ಕಾಲು ಸಡಿಲವಾಗಿ ಚಾಚಿ ಮಲಗಿದ್ದರೆ ಪೊರೆ ಬಿಡುತ್ತಿದೆ. ಅಡಿಯಲ್ಲಿ ಚಾಪೆಯಂತೆ ನೂಲು ಹಾಸಿಕೊಂಡಿದ್ದರೆ ಅನುಮಾನವೇ ಇಲ್ಲ. ಚಿಕ್ಕ ಮರಿಗೆ ಇದು ಗಂಟೆ ಎರಡು ಗಂಟೆಯ ಕೆಲಸ, ದೊಡ್ಡದಕ್ಕೆ ಅರ್ಧ ದಿನವೂ ಹಿಡಿದೀತು. ಚಿಪ್ಪು ಡಬ್ಬಿಯ ಮುಚ್ಚಳದಂತೆ ತೆರೆದುಕೊಳ್ಳುತ್ತದೆ, ಜೇಡ ಕಾಲುಗಳನ್ನು ಕಾಲುಚೀಲದಿಂದ ಎಳೆದಂತೆ ಬಿಡಿಸಿಕೊಳ್ಳುತ್ತದೆ. ಆಗ ಮಗುಚಿ ‘ಸರಿ ಮಾಡಿದ’ ಜೇಡ ಸಾಯುತ್ತದೆ, ಇಲ್ಲವೇ ಊನವಾಗುತ್ತದೆ.

ಐವತ್ತಮೂರನೆಯ ದಿನ ಶಾಲೆಯಿಂದ ಬಂದ ಮಗಳು ಡಬ್ಬಿ ನೋಡಿ ಅಳಲು ಶುರುಮಾಡಿದಳು. ಬಿಲದ ಬಾಯಿ ತೆರೆದಿತ್ತು, ಹೊರಗೆ ಎಂಟು ಕಾಲು ಮುದುಡಿದ ಪುಟಾಣಿ ಬಿದ್ದಿತ್ತು. ನನಗೂ ಗಂಟಲು ಕಟ್ಟಿತು. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, "ಇದರ ಬೆನ್ನು ಎಲ್ಲಿ?" ಎಂದರು. ಹೌದು, ಚಿಪ್ಪಿನ ಜಾಗ ತೂತಾಗಿತ್ತು, ಒಳಗೆ ಖಾಲಿ, ಕೋರೆಹಲ್ಲು ಕೂಡ ಪೊರೆಗೇ ಅಂಟಿ ಬಂದಿತ್ತು. ಬಿಲದ ಬಾಯಲ್ಲಿ ಮೊದಲಿಗಿಂತ ಒಂದೂವರೆಪಟ್ಟು ದೊಡ್ಡದಾದ, ಬಣ್ಣ ಗಾಢವಾದ ಪುಟಾಣಿ ಕೂತು ತನ್ನ ಹಳೆಯ ಅಂಗಿಯನ್ನು ಹೊರಗೆ ತಳ್ಳಿತ್ತು. ನಿಮಗೂ ‘ಹೆಣ’ ಸಿಕ್ಕರೆ ಮೊದಲು ಬೆನ್ನು ಎಲ್ಲಿ ಎಂದು ನೋಡಿ.

ಪೊರೆ ಬಿಟ್ಟ ಕೂಡಲೇ ಊಟ ಹಾಕಬೇಡಿ. ಹೊಸ ಕೋರೆಹಲ್ಲು ಮೊದಲು ಬೆಳ್ಳಗೆ, ಆಮೇಲೆ ಕೆಂಪಗೆ, ಕೊನೆಗೆ ಕಪ್ಪಗಾಗುತ್ತದೆ. ಕಪ್ಪಾದ ಮೇಲೆ, ಅಂದರೆ ಮರಿಗೆ ಸುಮಾರು ಒಂದು ವಾರ ಬಿಟ್ಟು ಕೊಡಿ.

ಪೊರೆ ಅರ್ಧಕ್ಕೇ ನಿಂತು ಒಂದು ದಿನ ಕಳೆದಿದ್ದರೆ ಮಾತ್ರ ತೊಂದರೆ. ಕುಂಚದ ತುದಿಯಿಂದ ಉಗುರುಬೆಚ್ಚಗಿನ ನೀರಿನ ಒಂದೊಂದೇ ಹನಿಯನ್ನು ಅಂಟಿದ ಕಡೆ ಇಡಿ, ಹೊಟ್ಟೆಯ ಅಡಿಗೆ ಹೋಗದಂತೆ. ಪೊರೆ ಹಿಡಿದು ಎಳೆಯಬೇಡಿ. ಒಂದು ಕಾಲು ಸಿಕ್ಕಿಕೊಂಡು ಹೋದರೂ ಚಿಂತೆಯಿಲ್ಲ. ಮರಿಯಾದ್ದರಿಂದ ಮುಂದಿನ ಒಂದೆರಡು ಪೊರೆಗಳಲ್ಲಿ ಹೊಸ ಕಾಲು ಬೆಳೆಯುತ್ತದೆ. ಹೊಟ್ಟೆಯೇ ಸಿಕ್ಕಿಕೊಂಡಿದ್ದರೆ ವಿಲಕ್ಷಣ ಸಾಕುಪ್ರಾಣಿಗಳನ್ನು ನೋಡುವ ಪಶುವೈದ್ಯರಿಗೆ ಫೋನ್ ಮಾಡಿ. ಎಲ್ಲ ವೈದ್ಯರೂ ಜೇಡ ನೋಡುವುದಿಲ್ಲ, ಮೊದಲೇ ವಿಚಾರಿಸಿಟ್ಟುಕೊಂಡಿರಿ.

ಬಿಲ ಬಿಟ್ಟು ಗೋಡೆ ಹತ್ತಿ ಕೂತಿದೆ

ಹೊರಬಂತೆಂದು ಖುಷಿಪಡುವ ಹಾಗಿಲ್ಲ. ಕೊರೆಯುವ ಮರಿ ನೆಲ ಬಿಟ್ಟು ಎರಡು-ಮೂರು ದಿನಕ್ಕಿಂತ ಹೆಚ್ಚು ಗೋಡೆಗೆ ಅಂಟಿಕೊಂಡಿದ್ದರೆ ಸಾಮಾನ್ಯವಾಗಿ ಮಣ್ಣು ಕೆಸರಾಗಿದೆ, ಅಥವಾ ಗಾಳಿ ಆಡುತ್ತಿಲ್ಲ. ಗೋಡೆಯ ಒಳಬದಿ ಬೆವರಿದೆಯೇ ನೋಡಿ. ಬೆವರಿದ್ದರೆ ಕಾಯಿಸಿದ ಸೂಜಿಯಿಂದ ಡಬ್ಬಿಯ ಎದುರುಬದುರಿಗೆ ತೂತು ಹೆಚ್ಚಿಸಿ (ಜೇಡವನ್ನು ಬೇರೆ ಡಬ್ಬಿಗೆ ಹಾಕಿದ ಮೇಲೆ), ನೀರು ನಿಲ್ಲಿಸಿ. ತೂತು ಮರಿಯ ಚಿಪ್ಪಿಗಿಂತ ಚಿಕ್ಕದಿರಲಿ. ಚಿಪ್ಪು ತೂರಿದರೆ ಮೆತ್ತಗಿನ ಹೊಟ್ಟೆಯೂ ತೂರುತ್ತದೆ.

ಮಣ್ಣಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಗುರ, ಒಣಗಿದರೆ ಬಿಲ ಕುಸಿಯುತ್ತದೆ. ಗೊಬ್ಬರ, ಔಷಧಿ ಬೀಳದ ತೋಟದ ಮಣ್ಣನ್ನು ಅರ್ಧಕ್ಕರ್ಧ ಬೆರೆಸಿ, ಗೋದಿಹಿಟ್ಟು ಡಬ್ಬಕ್ಕೆ ಒತ್ತಿ ತುಂಬುವ ಹಾಗೆ ಒತ್ತಿ ತುಂಬಿ. ಮಣ್ಣಿನ ಆಳ ಮರಿಯ ಕಾಲಳತೆಯ ಮೂರು-ನಾಲ್ಕು ಪಟ್ಟು, ಮೇಲಿನ ಖಾಲಿ ಜಾಗ ಕಡಿಮೆ. ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆಯುತ್ತದೆ.

ಬೂಷ್ಟು, ಬಿಳಿ ಚುಕ್ಕೆಗಳು, ಸಣ್ಣ ನೊಣ

ತಿಂದು ಉಗುಳಿದ ಉಂಡೆಗೆ ಬೂಷ್ಟು ಬಂದರೆ ಆ ಉಂಡೆಯ ಜೊತೆ ಒಂದು ಚಮಚ ಮಣ್ಣು ತೆಗೆದರೆ ಮುಗಿಯಿತು. ಬಿಳಿ ಚುಕ್ಕೆಗಳು ಊದಿದರೆ ಜಿಗಿಯುತ್ತವೆಯೇ? ಹಾಗಿದ್ದರೆ ಅವು ಸ್ಪ್ರಿಂಗ್‌ಟೇಲ್, ಬೂಷ್ಟು ತಿನ್ನುವ ಸ್ನೇಹಿತರು, ಕೆಲವರು ದುಡ್ಡು ಕೊಟ್ಟು ತಂದು ಬಿಡುತ್ತಾರೆ. ಜಿಗಿಯದೆ ನಿಧಾನ ಹರಿದಾಡಿದರೆ ನುಸಿ. ತೆಂಗಿನ ನುಸಿಯ ದೂರದ ನೆಂಟ. ನುಸಿ ಮಣ್ಣಿನಲ್ಲಿ ನಾಲ್ಕಿದ್ದರೆ ಸಹಜ, ಮುತ್ತಿದ್ದರೆ ಕೊಳೆತ ಊಟ ಎಲ್ಲೋ ಉಳಿದಿದೆ, ತೇವ ಹೆಚ್ಚಾಗಿದೆ. ಒಂದು ಹೋಳು ಹಸಿ ಆಲೂಗಡ್ಡೆಯನ್ನು ರಾತ್ರಿ ಇಟ್ಟು ಬೆಳಿಗ್ಗೆ ಮುತ್ತಿದ ನುಸಿ ಸಮೇತ ಎಸೆಯಿರಿ, ಮೂರು-ನಾಲ್ಕು ದಿನ ಹೀಗೆ ಮಾಡಿ, ಮಣ್ಣು ಸ್ವಲ್ಪ ಒಣಗಲಿ. ಜೇಡದ ಬಾಯಿ, ಕೀಲುಗಳ ಮೇಲೇ ನುಸಿ ಗುಂಪು ಕಟ್ಟಿದ್ದರೆ ಡಬ್ಬಿ, ಮಣ್ಣು ಎಲ್ಲ ಬದಲಿಸಬೇಕು.

ಬೆನ್ನುಬಾಗಿದ ಸಣ್ಣ ನೊಣಗಳು ಹಾರುವುದಕ್ಕಿಂತ ಓಡುವುದೇ ಹೆಚ್ಚಾಗಿ, ಬಿಲದ ಬಾಯಲ್ಲೇ ಸುಳಿಯುತ್ತಿದ್ದರೆ ಒಳಗೆ ಏನೋ ಕೊಳೆಯುತ್ತಿದೆ. ಅಗೆಯುವ ಕಾರಣಗಳಲ್ಲಿ ಇದೊಂದು.

ತೂರಾಡುತ್ತಿದೆ, ಕಾಲು ನಡುಗುತ್ತಿದೆ

ಕುಡಿದವನ ಹಾಗೆ ತಡವರಿಸುವುದು, ಕಾಲುಗಳು ಸೆಟೆದು ಎಳೆದಾಡುವುದು ಕಂಡರೆ ಮೊದಲು ಮೂಗಿಗೆ ಕೆಲಸ ಕೊಡಿ. ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿದ್ದಾರೆಯೇ? ಗೋಡೆಯ ಸಾಕೆಟ್‌ನಲ್ಲಿ ಸೊಳ್ಳೆ ಓಡಿಸುವ ದ್ರವದ ಯಂತ್ರವಿದೆಯೇ? ಜಿರಲೆ ಸ್ಪ್ರೇ, ನಾಯಿಯ ಚಿಗಟಕ್ಕೆ ಹಾಕುವ ಹನಿ, ಅಪಾರ್ಟ್‌ಮೆಂಟಿಗೆ ಬಂದು ಹೋದ ಕೀಟನಿವಾರಣೆಯವರು? ಕೀಟ ಕೊಲ್ಲುವುದು ಜೇಡವನ್ನೂ ಕೊಲ್ಲುತ್ತದೆ. ಅಮ್ಮ ಊರಿನಿಂದ ಸೂಟ್‌ಕೇಸಿನಲ್ಲಿ ತಂದ ಸೊಳ್ಳೆ ಬತ್ತಿಯನ್ನು ಸದ್ಯ ಹಿತ್ತಲಿನಲ್ಲೇ ಹಚ್ಚಿದ್ದರು. ಡಬ್ಬಿಯನ್ನು ಹೊಸ ಗಾಳಿ ಇರುವ ಕೋಣೆಗೆ ಒಯ್ಯಿರಿ, ಕೈಯನ್ನು ಸೋಪಿನಿಂದ ತೊಳೆದು ಹೊಸ ಮಣ್ಣಿಗೆ ಬದಲಿಸಿ, ನೀರಿಡಿ. ಇದಕ್ಕಿಂತ ಹೆಚ್ಚಿನ ಔಷಧ ಮನೆಯಲ್ಲಿ ಇಲ್ಲ. ತೋಟದಲ್ಲಿ ಹಿಡಿದ ಮಿಡತೆ, ಹುಳ ಊಟಕ್ಕೆ ಕೊಟ್ಟಿದ್ದರೆ ವಿಷ ಆ ದಾರಿಯಲ್ಲೂ ಬಂದಿರಬಹುದು.

ಮೈಮೇಲೆ ಹನಿ ಕಾಣುತ್ತಿದೆ. ಬಾಯಿಯ ಬಳಿ ಬಿಳಿ ಲೋಳೆ

ಜೇಡದ ರಕ್ತ ಕೆಂಪಲ್ಲ. ತಾಮ್ರದ ಅಂಶವಿರುವ, ತಿಳಿಯಾದ, ಕೊಂಚ ನೀಲಿ ಛಾಯೆಯ ದ್ರವ. ಕಾಲಿನಿಂದ ಹನಿ ಬರುತ್ತಿದ್ದರೆ ಕುಂಚದ ತುದಿಯಲ್ಲಿ ಮೆಕ್ಕೆಜೋಳದ ಗಂಜಿಪುಡಿ (ಕಾರ್ನ್‌ಫ್ಲೋರ್) ಅಥವಾ ವ್ಯಾಸಲಿನ್ ಹಚ್ಚಿ ನಿಲ್ಲಿಸಿ. ಹೊಟ್ಟೆ ಒಡೆದಿದ್ದರೆ ಉಳಿಯುವ ಸಾಧ್ಯತೆ ಕಡಿಮೆ, ಆದರೂ ವ್ಯಾಸಲಿನ್ ಹಚ್ಚಿ ಅಲುಗಾಡಿಸದೆ ಬಿಡುವುದೊಂದೇ ದಾರಿ. ಉಸಿರಿನ ಬಿಳಿ ಕಿಟಕಿಗಳಿಗೆ ಮಾತ್ರ ಅಂಟಿಸಬೇಡಿ.

ಕೋರೆಹಲ್ಲುಗಳ ನಡುವೆ ಗಂಜಿಯಂಥ ಬಿಳಿ ಲೋಳೆ, ಕೆಟ್ಟ ವಾಸನೆ, ಊಟ ಮುಟ್ಟದೆ ನೀರಿನ ಮುಚ್ಚಳದ ಬಳಿಯೇ ಕೂರುವುದು, ಈ ಮೂರೂ ಸೇರಿದರೆ ನೆಮಟೋಡ್ ಎಂಬ ದಾರದಂಥ ಸೂಕ್ಷ್ಮ ಹುಳು ಇರಬಹುದು. 2022ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಟರಾಂಟುಲಾ ಬಾಯಲ್ಲಿ ಬಾಳುವ ಇಂಥದೊಂದು ಹೊಸ ಜಾತಿಯನ್ನು ವಿವರಿಸಿ, ಜೇಡಗಳ ಸಿನಿಮಾದಲ್ಲಿ ನಟಿಸಿದ್ದ ಜೆಫ್ ಡೇನಿಯಲ್ಸ್ ಹೆಸರಿಟ್ಟರು. ತಮಾಷೆ ಅಷ್ಟಕ್ಕೇ ಮುಗಿಯುತ್ತದೆ; ನಂಬಬಹುದಾದ ಚಿಕಿತ್ಸೆ ಇಲ್ಲ. ಆ ಡಬ್ಬಿಯನ್ನು ಬೇರೆ ಜೇಡಗಳಿಂದ ಬೇರ್ಪಡಿಸಿ, ಅದರ ಚಿಮಟ, ಕುಂಚ ಬೇರೆಡೆ ಬಳಸಬೇಡಿ, ವೈದ್ಯರಿಗೆ ತೋರಿಸಿ.

ನಿಮ್ಮ ಕೈ, ಕಣ್ಣು, ಕಾನೂನು

ಅಮೆರಿಕ ಖಂಡದ ಬಹುತೇಕ ಟರಾಂಟುಲಾಗಳು ಹೊಟ್ಟೆಯ ಮೇಲಿನ ಚುಚ್ಚುವ ಕೂದಲನ್ನು ಹಿಂಗಾಲಿನಿಂದ ಒದ್ದು ಹಾರಿಸುತ್ತವೆ. ನಸುಗುನ್ನಿ ಮುಟ್ಟಿದ ತುರಿಕೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಬಿಟ್ಟ ಪೊರೆಯಲ್ಲೂ ಆ ಕೂದಲಿರುತ್ತದೆ, ಮಕ್ಕಳು ಪೊರೆಯನ್ನು ಬರಿಗೈಯಲ್ಲಿ ಹಿಡಿಯದಿರಲಿ. ಚರ್ಮಕ್ಕೆ ಚುಚ್ಚಿದರೆ ಅಂಟುಟೇಪ್ ಒತ್ತಿ ಎತ್ತಿ, ಸೋಪಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದರೆ ಉಜ್ಜದೆ ನೀರಿನಲ್ಲಿ ತೊಳೆದು ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಕೂದಲು ಕಣ್ಣೊಳಗೆ ಇಳಿಯುತ್ತ ಹೋಗುತ್ತದೆ. ಏಷ್ಯಾ, ಆಫ್ರಿಕಾದ ಜಾತಿಗಳಲ್ಲಿ ಈ ಕೂದಲಿಲ್ಲ, ಬದಲಿಗೆ ಅವು ಓಡುತ್ತವೆ, ಕಚ್ಚುತ್ತವೆ. ಕೆಲವು ಜಾತಿಗಳು ಕಚ್ಚಿದರೆ ಸ್ನಾಯುಸೆಳೆತ ದಿನಗಟ್ಟಲೆ ಕಾಡುತ್ತದೆ. ಯಾವುದೇ ಜೇಡ ಕಚ್ಚಿ ಉಸಿರಾಟದ ತೊಂದರೆ, ಮೈ ಊತ, ತಲೆಸುತ್ತು ಬಂದರೆ ನೇರ ಆಸ್ಪತ್ರೆಗೆ.

ಉತ್ತರ ಕನ್ನಡದ ಕಡೆಯವರಿಗೆ ಇದೆಲ್ಲ ತೀರಾ ಹೊಸದಲ್ಲ. ಘಟ್ಟದ ರಸ್ತೆಬದಿಯ ಜಂಬಿಟ್ಟಿಗೆ ಮಣ್ಣಿನ ದರೆಗಳಲ್ಲಿ, ನೂಲಿನ ಅಂಚು ಕಟ್ಟಿದ ದುಂಡು ತೂತುಗಳಲ್ಲಿ ನಮ್ಮದೇ ಟರಾಂಟುಲಾಗಳಿವೆ. 1899ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ ವಿವರಿಸಿದ ತ್ರಿಗ್ಮೋಪೀಯಸ್ ಕುಲದವು. ಅಮ್ಮನ ನಿಶ್ಚಿಂತೆಯ ಮೂಲ ಆ ದರೆಗಳೇ. ದಯವಿಟ್ಟು ಅವನ್ನು ಅಗೆದು ಮನೆಗೆ ತರಬೇಡಿ. ಭಾರತದಲ್ಲಿ ವಿದೇಶಿ ಜೇಡ ಸಾಕುವವರು ಅದು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಬೇಕು. ಮೆಕ್ಸಿಕೋದ ಬ್ರಾಕಿಪೆಲ್ಮಾ ಕುಲವಿಡೀ ಅದರಲ್ಲಿದೆ, 2019ರಿಂದ ಭಾರತ-ಶ್ರೀಲಂಕಾದ ಪೋಸಿಲೋಥೀರಿಯಾ ಕುಲವೂ ಇದೆ. ಪಟ್ಟಿಯಲ್ಲಿರುವ ಪ್ರಾಣಿ ಇದ್ದರೆ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಅಗೆಯಲೇಬೇಕಾದಾಗ

ಬಿಲದಿಂದ ಕೊಳೆತ ವಾಸನೆ, ಬಾಯಲ್ಲಿ ನೊಣ, ನೀರು ನುಗ್ಗಿ ಕೆಸರಾದ ಮಣ್ಣು, ಅಥವಾ ತೇವ ಸರಿಯಿದ್ದೂ ಮೂರು ತಿಂಗಳಿಂದ ಒಂದೇ ಒಂದು ಕುರುಹಿಲ್ಲದಿರುವುದು. ಇಷ್ಟು ಬಿಟ್ಟರೆ ಅಗೆಯಲು ಕಾರಣವಿಲ್ಲ. ಬಿಲ ಕುಸಿದಿದೆ ಎಂಬುದೂ ಅವಸರದ ಕಾರಣವಲ್ಲ, ಮಣ್ಣು ಸಡಿಲವಿದ್ದರೆ ಅದೇ ಕೊರೆದುಕೊಂಡು ಬರುತ್ತದೆ.

ದೊಡ್ಡ ಪ್ಲಾಸ್ಟಿಕ್ ಟಬ್ಬಿನೊಳಗೆ ಡಬ್ಬಿಯಿಡಿ, ಜಿಗಿದರೂ ಟಬ್ಬಿನಲ್ಲೇ ಉಳಿಯಲಿ. ನಾಯಿ, ಬೆಕ್ಕು ಇರುವ ಕೋಣೆ ಬೇಡ. ಗಾಳಿತೂತಿರುವ ಇನ್ನೊಂದು ಡಬ್ಬಿ ಕೈಗೆಟುಕುವಂತಿರಲಿ. ಟೀ ಚಮಚದಿಂದ ಬಿಲಕ್ಕೆ ಎದುರಿನ ಬದಿಯಿಂದ ಪದರ ಪದರವಾಗಿ ಮಣ್ಣು ತೆಗೆಯುತ್ತ ಬನ್ನಿ. ಮೇಲಿನಿಂದ ಒತ್ತಿದರೆ ಛಾವಣಿ ಕುಸಿದು ಜೇಡ ಜಜ್ಜಿಹೋಗುತ್ತದೆ. ನೂಲಿನ ಗೋಡೆ ಕಂಡ ಕೂಡಲೇ ಚಮಚ ಕೆಳಗಿಟ್ಟು ಕುಂಚ ಹಿಡಿಯಿರಿ. ಜೇಡ ಅಂಗಾತ ಇದ್ದರೆ, ಅಥವಾ ಮಸುಕು ಬಣ್ಣದಲ್ಲಿ ಮೆತ್ತಗೆ ಕೂತಿದ್ದರೆ ಅಲ್ಲಿಗೇ ನಿಲ್ಲಿಸಿ, ಟಿಶ್ಯೂ ತುಂಡೊಂದನ್ನು ಅಡ್ಡವಿಟ್ಟು ಮುಚ್ಚಿ. ಸತ್ತಂತೆ ಕಂಡರೂ ಹಿಂಗಾಲನ್ನು ಕುಂಚದಿಂದ ಮೆಲ್ಲಗೆ ತಾಗಿಸಿ, ಒಂದು ದಿನ ಒದ್ದೆ ಮಣ್ಣಿನ ಮೇಲಿಟ್ಟು ಕಾಯಿರಿ. ವಾಸನೆ ಬಂದ ಮೇಲೆ ಅನುಮಾನ ಉಳಿಯುವುದಿಲ್ಲ.

ಬದುಕಿದ್ದರೆ ಹೊಸ ಮಣ್ಣು ಒತ್ತಿ ತುಂಬಿ, ಗೋಡೆಗುಂಟ ಪೆನ್ಸಿಲ್‌ನಿಂದ ಓರೆಯಾಗಿ ಎರಡಿಂಚು ತೂತು ಮಾಡಿ, ಮರಿಯನ್ನು ಅದರ ಬಾಯಲ್ಲಿ ಬಿಡಿ. ಮುಚ್ಚಳಕ್ಕೆ ನೀರು ಹಾಕಿ, ಒಂದು ವಾರ ಊಟ ಬೇಡ. ಮಾರನೆಯ ಬೆಳಿಗ್ಗೆ ಕಾಗದದ ಕೊಳವೆ ಎತ್ತಿ ನೋಡಿದರೆ ಬಿಲದ ಬಾಯಿ ಮತ್ತೆ ಮುಚ್ಚಿರುತ್ತದೆ.